ಅಣ್ಣನ ಹಂಗು, ತಂಗಿಯ ಮೌನ: ‘ಥರ್ಟಿ ಡೇಸ್ ಇನ್ ಸೆಪ್ಟೆಂಬರ್’ ಓದುವವರಿಗೆ, ಆಡುವವರಿಗೆ

ಮಹೇಶ್ ದತ್ತಾನಿಯವರ ‘ಥರ್ಟಿ ಡೇಸ್ ಇನ್ ಸೆಪ್ಟೆಂಬರ್’ ನಾಟಕವನ್ನು ಮಾಲಾ ಎಂಬ ಹುಡುಗಿಯ ಕಥೆ ಎಂದೇ ಸಾಮಾನ್ಯವಾಗಿ ಪರಿಚಯಿಸುತ್ತಾರೆ. ಚಿಕ್ಕಂದಿನಲ್ಲಿ ಸೋದರಮಾವನ ಕೈಗೆ ಸಿಕ್ಕಿ ನಲುಗಿದವಳು. ದೊಡ್ಡವಳಾದ ಮೇಲೆ ಯಾವ ಗಂಡಸಿನ ನಂಟನ್ನೂ ಮೂವತ್ತು ದಿನ ದಾಟಲು ಬಿಡದವಳು. ನಾಟಕಕ್ಕೆ ಹೆಸರು ಬಂದದ್ದೂ ಅಲ್ಲಿಂದಲೇ. ಈ ಪರಿಚಯ ತಪ್ಪೇನಲ್ಲ, ಆದರೆ ಅರ್ಧ ನಾಟಕ ಅದರ ಹೊರಗೇ ಉಳಿಯುತ್ತದೆ. ಮಾಲಾಳ ತಾಯಿ ಶಾಂತಾ ಮತ್ತು ಶಾಂತಾಳ ಅಣ್ಣ ವಿನಯ್, ಇವರಿಬ್ಬರ ನಡುವೆ ಏನು ನಡೆದಿತ್ತು, ಏನು ಇನ್ನೂ ನಡೆಯುತ್ತಿದೆ ಎಂಬುದೇ ಇದರ ಬೇರು. ಈ ಅಣ್ಣ-ತಂಗಿಯನ್ನು ಬದಿಗೆ ಸರಿಸಿದರೆ ಕೈಯಲ್ಲಿ ಉಳಿಯುವುದು ಒಬ್ಬ ದುಷ್ಟ ಮಾವ, ಒಬ್ಬಳು ಅಳುವ ಹುಡುಗಿ, ಒಬ್ಬ ಒಳ್ಳೆಯ ಪ್ರಿಯಕರ. ಅಷ್ಟಕ್ಕೆ ಹತ್ತು ನಿಮಿಷದ ಜಾಗೃತಿ ಕಿರುಚಿತ್ರ ಸಾಕಿತ್ತು.

ಮೊದಲು ಕೊಳ್ಳುವ ವಿಚಾರ. ಅಂಗಡಿಯಲ್ಲಿ ‘ದತ್ತಾನಿ ನಾಟಕ ಸಂಗ್ರಹ’ ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಪೆಂಗ್ವಿನ್ 2000ದಲ್ಲಿ ತಂದ ಮೊದಲ ಸಂಪುಟ. ‘ತಾರಾ’, ‘ಬ್ರೇವ್ಲಿ ಫಾಟ್ ದ ಕ್ವೀನ್’, ‘ಡಾನ್ಸ್ ಲೈಕ್ ಎ ಮ್ಯಾನ್’, ‘ಫೈನಲ್ ಸಲ್ಯೂಷನ್ಸ್’ ಎಲ್ಲ ಅದರಲ್ಲಿವೆ, ಇದಿಲ್ಲ. ಇದು ಇರುವುದು 2005ರ ಎರಡನೇ ಸಂಪುಟದಲ್ಲಿ, ಚಿತ್ರಕಥೆಗಳು ಮತ್ತು ರೇಡಿಯೊ ನಾಟಕಗಳ ಜೊತೆ. ಪರಿವಿಡಿ ನೋಡಿಯೇ ದುಡ್ಡು ಕೊಡಿ. ನಾಟಕದ ಇಂಗ್ಲಿಷ್ ಸರಳ. ಮನೆಯಲ್ಲಿ ಜನ ಆಡುವ, ಅರ್ಧಕ್ಕೆ ನಿಲ್ಲಿಸುವ, ಮತ್ತೊಬ್ಬರ ಮಾತಿಗೆ ಅಡ್ಡ ಬರುವ ವಾಕ್ಯಗಳು. ಪಿಯುಸಿ ಇಂಗ್ಲಿಷ್ ಬಂದವರಿಗೆ ನಿಘಂಟು ಬೇಕಾಗುವುದಿಲ್ಲ.

ದತ್ತಾನಿ ಬೆಂಗಳೂರಿನಲ್ಲೇ 1958ರಲ್ಲಿ ಹುಟ್ಟಿ ಬೆಳೆದ ಗುಜರಾತಿ ಕುಟುಂಬದವರು. 1984ರಲ್ಲಿ ‘ಪ್ಲೇಪೆನ್’ ತಂಡ ಕಟ್ಟಿದ್ದೂ ಇಲ್ಲಿಯೇ. ಆದರೆ ಈ ನಾಟಕದ ಹುಟ್ಟು ದೆಹಲಿಯದು. ಮನೆಯವರಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳ ಜೊತೆ 1996ರಿಂದ ಕೆಲಸ ಮಾಡುತ್ತಿರುವ ‘ರಾಹಿ’ ಸಂಸ್ಥೆ ಇದನ್ನು ಬರೆಸಿತು. ದತ್ತಾನಿ ಅಂಥ ಹಲವರ ಮಾತು ಕೇಳಿಸಿಕೊಂಡು ಬರೆದರು. 2001ರ ಮೇ 31ರಂದು ಮುಂಬೈನ ಪೃಥ್ವಿ ಥಿಯೇಟರಿನಲ್ಲಿ ಲಿಲೆಟ್ ದುಬೆ ಅವರ ನಿರ್ದೇಶನದಲ್ಲಿ ಮೊದಲ ಪ್ರದರ್ಶನ. ಆಗ ಈ ದೇಶದಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆ ಇರಲಿಲ್ಲ. ಅದು ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ, ಅವರಲ್ಲಿ ಶೇ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಕಂಡಿದ್ದಾರೆ ಎಂದು ವರದಿ ಮಾಡಿದ್ದು 2007ರಲ್ಲಿ. ನಾಟಕ ಅದಕ್ಕಿಂತ ಆರು ವರ್ಷ ಮುಂಚಿನದು. ಸಂಸ್ಥೆಯೊಂದು ಹೇಳಿ ಬರೆಸಿದ ನಾಟಕ ಎಂದರೆ ಭಾಷಣ ಇದ್ದೇ ಇರುತ್ತದೆ ಎಂಬ ಅನುಮಾನ ಸಹಜ. ಇಲ್ಲಿ ಭಾಷಣ ಕಡಿಮೆ, ಇರುವಷ್ಟು ಒಬ್ಬನ ಬಾಯಲ್ಲೇ ಇದೆ. ಅವನ ವಿಷಯ ಮುಂದೆ.

ಇನ್ನು ಕಥೆಯ ಗುಟ್ಟು ಬಿಡದೆ ಬರೆಯಲಾಗದು. ನಾಟಕ ನೋಡಿ ಬರುತ್ತೇವೆ ಎನ್ನುವವರು ಇಲ್ಲಿಗೆ ನಿಲ್ಲಿಸಬಹುದು. ದೆಹಲಿಯ ಒಂದು ಸಾಧಾರಣ ಮನೆ. ಗಂಡ ಬಿಟ್ಟುಹೋದ ಶಾಂತಾ, ಅವಳ ಒಬ್ಬಳೇ ಮಗಳು ಮಾಲಾ. ಶಾಂತಾಳ ದಿನವೆಲ್ಲ ಕೃಷ್ಣನ ಪಟದ ಮುಂದೆ. ಮಾಲಾಳನ್ನು ಮದುವೆಯಾಗಬೇಕೆಂದಿರುವ ದೀಪಕ್ ಇವರ ಗಂಟು ಬಿಡಿಸಲು ಬರುತ್ತಾನೆ, ಅವಳನ್ನು ಆಪ್ತಸಮಾಲೋಚನೆಗೆ ಒಪ್ಪಿಸುತ್ತಾನೆ. ಏಳರ ವಯಸ್ಸಿನಿಂದ ಮಾವ ತನಗೆ ಏನು ಮಾಡುತ್ತಿದ್ದ ಎಂದು ಮಾಲಾ ಬಾಯಿಬಿಟ್ಟಾಗ ತಾಯಿ ಮೊದಲು ಮರೆತುಬಿಡು ಎನ್ನುತ್ತಾಳೆ, ಆಮೇಲೆ ತಪ್ಪು ನಿನ್ನದೂ ಇತ್ತು ಎನ್ನುತ್ತಾಳೆ. ಮೂರನೇ ಅಂಕದಲ್ಲಿ, ಅಣ್ಣ ಮನೆಯಲ್ಲಿರುವಾಗಲೇ, ಶಾಂತಾಳ ಕಟ್ಟೆ ಒಡೆಯುತ್ತದೆ. ಅವಳಿಗೆ ಆರು, ಅವನಿಗೆ ಹದಿಮೂರು ಇದ್ದಾಗ ಶುರುವಾದದ್ದು. ಮಗಳಿಗೆ ಆದಂತೆ ಬೇಸಗೆ ರಜೆಯಲ್ಲಷ್ಟೇ ಅಲ್ಲ, ಹತ್ತು ವರ್ಷ. ಹೇಳಿ ಮುಗಿಸಿದವಳು ಗಾಜಿನ ಚೂರಿನಿಂದ ತನ್ನ ಬಾಯನ್ನೇ ಇರಿದುಕೊಳ್ಳುತ್ತಾಳೆ.

ಮಗಳ ಮೇಲಿನ ದೌರ್ಜನ್ಯ ಕಂಡೂ ತಾಯಿ ಏಕೆ ಸುಮ್ಮನಿದ್ದಳು ಎಂಬ ಪ್ರಶ್ನೆ ಎರಡು ಅಂಕ ನಮ್ಮನ್ನು ಕುದಿಸುತ್ತದೆ. ಉತ್ತರ ಬರುವ ಹೊತ್ತಿಗೆ ಅವಳನ್ನು ಬೈದು ಮುಗಿಸಿರುತ್ತೇವೆ. ದತ್ತಾನಿ ಕಟ್ಟಿದ ಬಲೆ ಇದು, ಚೆನ್ನಾಗಿ ಕಟ್ಟಿದ್ದಾರೆ. ಆದರೆ ಅವಳೂ ಬಲಿಪಶು ಎಂದುಬಿಟ್ಟರೆ ಉತ್ತರ ಪೂರ್ತಿಯಾಗದು. ಪುಟಗಳನ್ನು ಹಿಂದಕ್ಕೆ ತಿರುಗಿಸಿ ದುಡ್ಡಿನ ಜಾಡು ಹಿಡಿಯಿರಿ. ಗಂಡ ಬಿಟ್ಟುಹೋದ ಮೇಲೆ ಈ ಮನೆಗೆ ಆಸರೆಯಾದವನು ವಿನಯ್. ತಂಗಿ ಮತ್ತು ಸೊಸೆಯ ಬದುಕು ಅವನ ನೆರವಿನ ಮೇಲೆ ನಿಂತಿದೆ, ಅದನ್ನು ಅವನು ದೊಡ್ಡ ದನಿಯಲ್ಲಿ ಎಂದೂ ಎತ್ತಿ ಆಡುವುದಿಲ್ಲ. ಎತ್ತಿ ಆಡಬೇಕಾಗಿಯೇ ಇಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಕಲಿತು ಬೆಳೆದ ಹೆಣ್ಣಿಗೆ, ಉಣಿಸುವವನೇ ಮನೆಯ ಕಳ್ಳನಾದಾಗ ಎಣಿಸಲು ಉಳಿಯುವುದಾದರೂ ಏನು? ಗಂಡ ಹೋದದ್ದೇಕೆ ಎಂದು ಕೇಳಿಕೊಂಡರೆ ಸುತ್ತು ಪೂರ್ತಿಯಾಗುತ್ತದೆ. ತಾನು ಕಟ್ಟಿಕೊಂಡದ್ದು ಮರಗಟ್ಟಿದ ಹೆಣ್ಣನ್ನು ಎಂಬುದು ಅವನ ದೂರು. ಅವಳು ಮರಗಟ್ಟಿದ್ದು ಅಣ್ಣನಿಂದ, ಗಂಡ ಹೋದ ಮೇಲೆ ನೆರಳಾಗಿ ನಿಂತವನೂ ಅಣ್ಣನೇ. ಗಾಯವೂ ಅವನದೇ, ಮುಲಾಮೂ ಅವನದೇ.

ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡನ ಮನೆ ಕೈಬಿಟ್ಟ ಹೆಣ್ಣಿಗೆ ತವರು, ತವರೆಂದರೆ ಅಣ್ಣ. ಬೀಸುವ ಕಲ್ಲಿನ ಪದಗಳಿಂದ ಗೌರಿ ಹಬ್ಬದ ಬಾಗಿನದವರೆಗೆ ಈ ನಂಟನ್ನು ಹಾಡಿ ಹೊಗಳಿದ್ದೇವೆ. ತಂಗಿ ಹರಸುವುದೂ ತವರನ್ನೇ, ಅತ್ತರೂ ತವರ ದಾರಿ ನೋಡಿಯೇ. ಅಣ್ಣನ ಹೆಸರು ಕೆಡಿಸಿದರೆ ಅವಳು ಕಡಿಯುವುದು ತಾನು ಕೂತ ಕೊಂಬೆಯನ್ನೇ. ಶಾಂತಾಳ ಮೌನದಲ್ಲಿ ಹೆದರಿಕೆ, ನಾಚಿಕೆ ಎರಡೂ ಉಂಟು. ಅವುಗಳ ಕೆಳಗೆ ಈ ಲೆಕ್ಕಾಚಾರವೂ ಉಂಟು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾದದ್ದು 2005ರಲ್ಲಿ, ಎಂದರೆ ನಾಟಕ ರಂಗಕ್ಕೆ ಬಂದ ನಾಲ್ಕು ವರ್ಷದ ಮೇಲೆ. (ಕರ್ನಾಟಕ ತನ್ನ ಮಟ್ಟಿಗೆ 1994ರಲ್ಲೇ ತಂದಿತ್ತು, ಅದೂ ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಮಾತ್ರ.) ವಿನಯ್ ಕೊಡುವುದು ತಂಗಿಯ ಹಕ್ಕಿನ ಹಣವಾಗಿದ್ದರೆ ನಾಟಕದ ಕೀಲೇ ಕಳಚುತ್ತಿತ್ತು. ಅದು ಉಪಕಾರವಾಗಿರುವುದರಿಂದಲೇ ಅವಳ ಬಾಯಿಗೆ ಬೀಗ.

ದೌರ್ಜನ್ಯದ ಪರಿಣಾಮಗಳ ಅಧ್ಯಯನ ಇದಕ್ಕೆ ಪುಷ್ಟಿ ಕೊಡುತ್ತದೆ. ಮಗು ಯಾರನ್ನು ನಂಬಿ ಬದುಕಬೇಕೋ ಅವರೇ ಕೈಮಾಡಿದಾಗ, ಆದದ್ದನ್ನು ‘ಗೊತ್ತಿಲ್ಲದಂತೆ’ ಮಾಡಿಕೊಳ್ಳುವುದೇ ಬದುಕುಳಿಯುವ ದಾರಿಯಾಗುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಜೆನಿಫರ್ ಫ್ರೈಡ್ 1990ರ ದಶಕದಲ್ಲಿ ವಾದಿಸಿದರು. ಕಂಡರೆ ಸಂಬಂಧ ಮುರಿಯಬೇಕು, ಮುರಿದರೆ ಅನ್ನವಿಲ್ಲ, ಹಾಗಾಗಿ ಕಾಣಬಾರದು. ಶಾಂತಾಳ ಮರೆವು ಅಕ್ಷರಶಃ ಇದೇ. ಐವತ್ತರ ಆಸುಪಾಸಿನಲ್ಲೂ ಅವಳು ಆರು ವರ್ಷದ ಮಗುವಿನ ಹಾಗೆ ಅಣ್ಣನನ್ನೇ ನಂಬಿ ಬದುಕಬೇಕಾಗಿರುವುದರಿಂದ ಮರೆಯುವ ಅಗತ್ಯ ಇನ್ನೂ ತೀರಿಲ್ಲ. ಮಾಲಾಳದು ಬೇರೆ ಬಗೆ. ಸಂಶೋಧಕರಾದ ಡೇವಿಡ್ ಫಿಂಕೆಲ್‌ಹೋರ್ ಮತ್ತು ಆಂಜೆಲಾ ಬ್ರೌನ್ 1985ರಲ್ಲಿ ನಾಲ್ಕು ಬಗೆಯ ಹಾನಿಯನ್ನು ಬೇರ್ಪಡಿಸಿ ತೋರಿಸಿದ್ದರು: ವಯಸ್ಸಿಗೆ ಮೀರಿ ಹೇರಿದ ಲೈಂಗಿಕತೆ, ನಂಬಿದವರ ದ್ರೋಹ, ತಾನು ಕೆಟ್ಟವಳೆಂಬ ಕಳಂಕ, ಏನೂ ಮಾಡಲಾಗದ ಅಸಹಾಯಕತೆ. ನಾಲ್ಕೂ ಮಾಲಾಳಲ್ಲಿವೆ, ಪಟ್ಟಿಯಾಗಿ ಅಲ್ಲ, ನಡವಳಿಕೆಯಾಗಿ. ಪಾರ್ಟಿಯಲ್ಲಿ ಬೇರೆಯವಳ ಜೊತೆ ಬಂದವನ ಬೆನ್ನು ಬೀಳುವುದು ಮೊದಲನೆಯದು. ಮಾವನಿಗಿಂತ ತಾಯಿಯ ಮೇಲೆ ಹೆಚ್ಚು ಸಿಟ್ಟು ಎರಡನೆಯದು. ಇದು ಓದುಗರಿಗೆ ಅನ್ಯಾಯ ಎನ್ನಿಸುತ್ತದೆ, ಆದರೆ ನಿಜಕ್ಕೆ ತೀರ ಹತ್ತಿರ: ಕೆಡುಕು ಮಾಡಿದವನಿಂದ ಮಗು ಏನನ್ನೂ ಬಯಸುವುದಿಲ್ಲ, ಕಾಯಬೇಕಾದವಳಿಂದ ಎಲ್ಲವನ್ನೂ ಬಯಸುತ್ತದೆ. ನೊಂದು ಅಳುತ್ತ ಬಂದ ಮಗುವಿಗೆ ತಾಯಿ ಆಲೂ ಪರಾಠಾ ತಿನ್ನಿಸಿ ಬಾಯಿ ಮುಚ್ಚಿಸುತ್ತಿದ್ದ ನೆನಪು ಬರುವ ಮಾತುಕತೆ ಪುಸ್ತಕದಲ್ಲೇ ಅತ್ಯುತ್ತಮವಾದದ್ದು. ಅಲ್ಲಿ ಯಾರೂ ಕಿರುಚುವುದಿಲ್ಲ. ತಿಂಡಿಯ ವಿಷಯ ಮಾತಾಡುತ್ತಾರೆ, ಅಷ್ಟೇ.

ಕೊರತೆಗಳೂ ಇವೆ, ಚಿಕ್ಕವಲ್ಲ. ದೀಪಕ್ ತೀರ ಒಳ್ಳೆಯವನು. ಬೈದರೂ ಬರುತ್ತಾನೆ, ತಳ್ಳಿದರೂ ನಿಲ್ಲುತ್ತಾನೆ, ಮಾಲಾಳಿಗೆ ಏನಾಗಿದೆ ಎಂದು ಮಾಲಾಳಿಗಿಂತ ಮೊದಲು ಅವನಿಗೆ ಅರ್ಥವಾಗುತ್ತದೆ. ಬರೆಸಿದ ಸಂಸ್ಥೆಯ ದನಿ ಕೇಳುವುದು ಇವನ ಬಾಯಲ್ಲೇ. ಇಂಥ ಸಂಬಂಧದಲ್ಲಿ ಸಿಕ್ಕಿದ ಗಂಡಸಿಗೆ ಬರುವ ಅಸೂಯೆ, ದಣಿವು, ಅಸಹ್ಯ ಇವನಲ್ಲಿ ಮಿಂಚಿ ಮಾಯವಾಗುತ್ತವೆ. ಎರಡನೆಯದು, ಮೂರನೇ ಅಂಕದ ಬಹಿರಂಗ ಎಲ್ಲ ಬೀಗಕ್ಕೂ ಒಂದೇ ಕೀಲಿಯಾಗಿ ತಿರುಗುತ್ತದೆ. ಗಂಡ ಹೋದದ್ದು, ದೇವರ ಕೋಣೆ, ಪರಾಠಾ, ಮರೆವು ಎಲ್ಲಕ್ಕೂ ಅದೊಂದೇ ಕಾರಣ. ಬದುಕಿನಲ್ಲಿ ಗಾಯ ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಒಪ್ಪಿಸುವುದಿಲ್ಲ. ಮಾಲಾಳ ಚೇತರಿಕೆಯೂ ಅವಸರದ್ದು.

ಮೂರನೆಯದೇ ದೊಡ್ಡ ಕೊರತೆ. ಹದಿಮೂರರ ಆ ಹುಡುಗ ಎಲ್ಲಿ? ವಯಸ್ಸನ್ನು ಹೇಳಿ ನಾಟಕ ಮುಂದೆ ಸಾಗಿಬಿಡುತ್ತದೆ. ಒಡಹುಟ್ಟಿದವರ ನಡುವಿನ ಲೈಂಗಿಕ ದೌರ್ಜನ್ಯದಲ್ಲಿ ಮಾಡಿದವನೂ ಆಗ ಮಗುವೇ ಆಗಿರುತ್ತಾನೆ. ಅವನನ್ನು ಆ ದಾರಿಗೆ ಹಚ್ಚಿದ್ದು ಯಾವುದು, ಮನೆಯವರು ಕಂಡೂ ಮಕ್ಕಳಾಟ ಎಂದುಕೊಂಡರೋ, ಹತ್ತು ವರ್ಷದಲ್ಲಿ ಎಂದಾದರೂ ತಡೆದಿದ್ದರೆ ಅವನು ಸೊಸೆಯ ತನಕ ಬರುತ್ತಿದ್ದನೋ ಎಂಬ ಪ್ರಶ್ನೆಗಳು ಏಳುತ್ತವೆ. ಇಂದಾಗಿದ್ದರೆ ಹದಿಮೂರರ ಹುಡುಗ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲುತ್ತಿದ್ದ, ಅವನಿಗೂ ಸಮಾಲೋಚನೆ ಸಿಗುತ್ತಿತ್ತು. ಇಬ್ಬರೂ ತನ್ನ ಮಕ್ಕಳೇ ಆದಾಗ ಯಾರ ಪರ ನಿಲ್ಲಬೇಕೆಂದು ತಿಳಿಯದೆ ಮನೆಯೇ ಮೂಕವಾಗುವುದು ಈ ಬಗೆಯ ದೌರ್ಜನ್ಯದ ವಿಶೇಷ ಸಂಕಟ. ಶಾಂತಾ–ವಿನಯರ ತಂದೆತಾಯಿ ನಾಟಕದಲ್ಲಿ ಹೆಸರಿಗೂ ಇಲ್ಲದಂತಿದ್ದಾರೆ. ಅಣ್ಣ-ತಂಗಿಯ ಇಷ್ಟು ಕಠಿಣ ನಂಟನ್ನು ಎತ್ತಿಕೊಂಡ ಲೇಖಕರು ಅದರ ಬಾಲ್ಯವನ್ನು ನಾಲ್ಕು ಸಾಲಿಗೆ ಮುಗಿಸಿದ್ದು ನಷ್ಟವೇ.

ಆಡಲು ಹೊರಟ ತಂಡಗಳಿಗೆ ಒಂದಿಷ್ಟು. ಪರವಾನಗಿ ಮೊದಲು: ಲೇಖಕರು ನಮ್ಮ ನಡುವೆಯೇ ಇದ್ದಾರೆ, ನಾಟಕ ಕೃತಿಸ್ವಾಮ್ಯದಲ್ಲಿದೆ, ಅನುವಾದಿಸಿ ಆಡಲು ಅನುಮತಿ ಬೇಕೇ ಬೇಕು. ರಂಗಸಜ್ಜಿಕೆಗೆ ದೊಡ್ಡ ಖರ್ಚಿಲ್ಲ. ಮನೆ ಮತ್ತು ದೇವರ ಕೋಣೆಗೆ ಹೆಚ್ಚಿನ ಜಾಗ, ಸಮಾಲೋಚನೆಗೆ ಒಂದು ಮೂಲೆ, ಉಳಿದ ಕಡೆಗಳಿಗೆಲ್ಲ ಒಂದು ಖಾಲಿ ಜಾಗ. ನಡುವೆ ಕಪ್ಪು ಪರದೆ ಎಳೆದು ಸಾಮಾನು ಸಾಗಿಸಬೇಡಿ, ಬೆಳಕಿನಲ್ಲೇ ಬದಲಿಸಿ. ಶಾಂತಾ ದೇವರ ಮುಂದೆ ಕೂತಿರುವಾಗಲೇ ಇನ್ನೊಂದು ಕಡೆ ಮಾಲಾ ಮಾತಾಡುವುದು ಪ್ರೇಕ್ಷಕರಿಗೆ ಕಾಣಬೇಕು. ತಾಯಿ ಪೂರ್ತಿ ಕತ್ತಲಾದರೆ ಅವಳು ಕೇಳಿಸಿಕೊಳ್ಳುತ್ತಿಲ್ಲ ಎಂಬ ಅರ್ಥ ಬರುತ್ತದೆ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ.

ಸಮಾಲೋಚನೆಯಲ್ಲಿ ಮಾಲಾ ಆಡಿದ ಮಾತುಗಳ ಧ್ವನಿಮುದ್ರಿಕೆಗಳು ನಾಟಕದ ಬೆನ್ನೆಲುಬು, ಹೆಚ್ಚು ಕೆಡುವುದೂ ಅಲ್ಲೇ. ತಂಡಗಳು ಅದಕ್ಕೆ ಪ್ರತಿಧ್ವನಿ ಸೇರಿಸುತ್ತವೆ, ಹಿನ್ನೆಲೆಗೆ ಕೊಳಲು ಇಡುತ್ತವೆ. ಆಗ ಹುಡುಗಿ ಸತ್ತು ದೆವ್ವವಾಗಿ ಮಾತಾಡಿದಂತೆ ಕೇಳುತ್ತದೆ. ಗೋಡೆಗೆ ಕಂಬಳಿ ಕಟ್ಟಿದ ಚಿಕ್ಕ ಕೋಣೆಯಲ್ಲಿ, ಮೈಕು ಬಾಯಿಂದ ಒಂದು ಗೇಣು ದೂರ ಇಟ್ಟು, ಉಸಿರು, ಗಂಟಲು ಸರಿಮಾಡಿಕೊಳ್ಳುವ ಸದ್ದು, ಅರ್ಧಕ್ಕೆ ನಿಂತ ವಾಕ್ಯ ಎಲ್ಲವನ್ನೂ ಹಾಗೇ ಉಳಿಸಿ. ತಾಲೀಮು ಮೂರನೇ ಅಂಕ ಮುಟ್ಟಿದ ಮೇಲೆ, ನಾಟಕದಲ್ಲಿ ಬರುವ ಕ್ರಮದಲ್ಲೇ ಮುದ್ರಿಸಿಕೊಳ್ಳಿ. ಮೊದಲ ಮುದ್ರಿಕೆಯಲ್ಲಿ ಹೆಸರು ಹೇಳಲೂ ಹಿಂಜರಿಯುವವಳು, ಆಮೇಲೆ ತನ್ನ ಹೆಸರನ್ನು ಬಳಸಿ ಎನ್ನುತ್ತಾಳೆ, ಮುಖ ಮುಚ್ಚಿಕೊಳ್ಳಬೇಕಾದವನು ಅವನು ಎಂಬ ನಿಲುವಿಗೆ ಬರುತ್ತಾಳೆ. ಈ ಏರಿಕೆ ದನಿಯಲ್ಲಿ ಕೇಳಬೇಕು. ಜಿಲ್ಲಾ ಕೇಂದ್ರಗಳ ಸಭಾಂಗಣದಲ್ಲಿ ಸೀಲಿಂಗ್ ಫ್ಯಾನಿನ ಸದ್ದು ಮೆಲುದನಿಯನ್ನು ನುಂಗುತ್ತದೆ. ಮುದ್ರಿಕೆಯ ಹೊತ್ತಿಗಾದರೂ ಫ್ಯಾನು ನಿಲ್ಲಿಸಿ, ಇಲ್ಲವೇ ಸ್ಪೀಕರನ್ನು ಪ್ರೇಕ್ಷಕರ ಮೊದಲ ಸಾಲಿನ ಹತ್ತಿರ ತನ್ನಿ.

ಮೂರನೇ ಅಂಕದಲ್ಲಿ ಏಳು ವರ್ಷದ ಹುಡುಗಿಯ ಎತ್ತರದ ಗೊಂಬೆ ಬರುತ್ತದೆ. ದೌರ್ಜನ್ಯದ ನೆನಪು ಕಣ್ಣೆದುರು ನಡೆಯುವುದು ಆ ಗೊಂಬೆಯ ಮೇಲೆ. ನಿಜವಾದ ಮಗುವನ್ನು ಎಂಥ ಕಾರಣಕ್ಕೂ ರಂಗಕ್ಕೆ ತರಕೂಡದು, ತಾಲೀಮಿನ ಕೋಣೆಯೊಳಗೂ ಬಿಡಕೂಡದು. ಅಂಗಡಿಯಲ್ಲಿ ಸಿಗುವ ನಗುಮುಖದ ಪ್ಲಾಸ್ಟಿಕ್ ಗೊಂಬೆ ತಂದರೆ ಸಭೆಯಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ, ಅಲ್ಲಿಗೆ ದೃಶ್ಯ ಸತ್ತಿತು. ಬಟ್ಟೆಯಲ್ಲಿ ಹೊಲಿಸಿ, ಕಣ್ಣು-ಬಾಯಿ ಬರೆಯಬೇಡಿ. ಹತ್ತಿ ಬರೀ ಹಗುರ, ಎತ್ತಿದಾಗ ತೇಲುತ್ತದೆ. ಕೈಕಾಲುಗಳಿಗೆ ಮರಳು ಬೆರೆತ ಹೊಟ್ಟು ತುಂಬಿದರೆ ಜೋತುಬೀಳುತ್ತದೆ, ಆ ತೂಕವೇ ಅರ್ಧ ಮಾತು ಹೇಳುತ್ತದೆ.

ಪಾತ್ರ ಹಂಚುವಾಗ ವಿನಯನಿಗೆ ಗಡಸು ದನಿಯ, ದಪ್ಪ ಮೀಸೆಯ ನಟನನ್ನು ಹುಡುಕುವ ಚಾಳಿ ಇದೆ. ಮನೆಯಲ್ಲಿ ಎಲ್ಲರಿಗೂ ಬೇಕಾದವನು, ಬರುವಾಗ ಕೈಯಲ್ಲಿ ಏನಾದರೂ ತರುವವನು, ತಂಗಿಯ ಆರೋಗ್ಯ ವಿಚಾರಿಸುವವನು ಅವನು. ನಿನ್ನನ್ನು ಬೇರೆ ಯಾರೂ ಇಷ್ಟಪಡುವುದಿಲ್ಲ, ನಾನೊಬ್ಬನೇ ಎಂದು ಮಗುವನ್ನು ನಂಬಿಸುವುದು ಮೃದುವಾದ ದನಿಯಲ್ಲೇ ಆಗುವ ಕೆಲಸ. ಮೊದಲ ಪ್ರವೇಶದಲ್ಲಿ ಸಭೆಗೆ ಅವನು ಹಿಡಿಸದಿದ್ದರೆ, ಶಾಂತಾ ಏಕೆ ಅವನನ್ನು ಇನ್ನೂ ಮನೆಗೆ ಸೇರಿಸುತ್ತಾಳೆ ಎಂಬುದಕ್ಕೆ ನಾಟಕದಲ್ಲಿ ಬೇರೆ ಸಮಾಧಾನವಿಲ್ಲ. ಅಣ್ಣ-ತಂಗಿ ಇಬ್ಬರೇ ಇರುವ ಕ್ಷಣಗಳಲ್ಲಿ ದೂರ ಅಳೆದು ಇಡಿ: ಅವಳು ಅವನಿಗೆ ಕೈಗೆಟಕುವಷ್ಟು ಹತ್ತಿರ ಎಂದೂ ನಿಲ್ಲುವುದಿಲ್ಲ, ಆದರೆ ಅವನ ಲೋಟಕ್ಕೆ ನೀರು ತಪ್ಪುವುದಿಲ್ಲ. ಶಾಂತಾಳ ಭಕ್ತಿಯನ್ನು ನಗೆಗೆ ಗುರಿಮಾಡುವುದು ಇನ್ನೊಂದು ಎಡವಟ್ಟು. ಮಂತ್ರ ಗೊಣಗುತ್ತ ಪೇಚಾಡುವ ಅಜ್ಜಿಯಾಗಿ ಅವಳು ಮೊದಲ ಅಂಕದಲ್ಲಿ ನಗು ಗಿಟ್ಟಿಸಿದರೆ, ಕೊನೆಯಲ್ಲಿ ಕೃಷ್ಣನನ್ನು ಏಕೆ ಹಿಡಿದುಕೊಂಡಿದ್ದಳು ಎಂದು ಹೇಳುವಾಗ ಸಭೆ ಸಿದ್ಧವಾಗಿರುವುದಿಲ್ಲ. ಮಾಲಾಳ ಪಾರ್ಟಿ ದೃಶ್ಯದಲ್ಲಿ ಸೊಂಟ, ಸೆರಗು, ಕೆಂಪು ಬೆಳಕು ಬೇಡ. ಅವಳು ಗಂಡಸನ್ನು ಒಲಿಸುವುದು ರೂಢಿಯ ಯಂತ್ರದಂತೆ, ಮನಸ್ಸು ಬೇರೆಲ್ಲೋ ಇಟ್ಟು. ಗಾಜಿನ ಚೂರಿನ ಹೊತ್ತಿಗೆ ರಕ್ತದ ಬಾಟಲಿ ತೆರೆಯುವ ತಂಡಗಳೂ ಇವೆ. ಬೆನ್ನು ತಿರುಗಿಸಿ ನಿಂತ ಶಾಂತಾ, ಅವಳನ್ನು ಮೊದಲು ಕಂಡ ಮಾಲಾಳ ಮುಖ, ಸಾಕು.

ಕನ್ನಡಕ್ಕೆ ತರುವವರಿಗೆ ಬೇರೊಂದು ತೊಡಕು ಕಾದಿದೆ. ಉತ್ತರದ ಈ ಮನೆಯಲ್ಲಿ ಮಾಮಾ ಎಂದರೆ ತಂದೆಯ ಸಮಾನ, ಮದುವೆಯ ಮಾತು ಕನಸಿನಲ್ಲೂ ಬಾರದು. ನಮ್ಮಲ್ಲಿ ಹಾಗಲ್ಲ. ಕಿವಿ ಚುಚ್ಚುವಾಗ ಮಗು ಕೂರುವುದು ಸೋದರಮಾವನ ತೊಡೆಯ ಮೇಲೆ, ಮದುಮಗಳನ್ನು ಮಂಟಪಕ್ಕೆ ಕರೆತರುವವನೂ ಅವನೇ. ಜೊತೆಗೆ ಹಲವು ಸಮುದಾಯಗಳಲ್ಲಿ ಅವನನ್ನೇ ಮದುವೆಯಾಗುವ ರೂಢಿಯೂ ಇತ್ತು, ಇನ್ನೂ ಇದೆ. 1955ರ ಹಿಂದೂ ವಿವಾಹ ಕಾಯ್ದೆ ರೂಢಿ ಇದ್ದಲ್ಲಿ ಅದಕ್ಕೆ ಅವಕಾಶ ಬಿಟ್ಟಿದೆ. ಐದಾರು ವರ್ಷದ ಹುಡುಗಿಯನ್ನು ಕೂರಿಸಿಕೊಂಡು “ಮಾವನ್ನೇ ಮದುವೆ ಆಗ್ತೀಯೇನೇ?” ಎಂದು ಮನೆಮಂದಿಯೆಲ್ಲ ನಗುವುದು ನಮ್ಮ ಕಡೆ ಹೊಸದಲ್ಲ. ಆ ನಗೆಯ ಮರೆಯಲ್ಲಿ ಏನು ಬೇಕಾದರೂ ನಡೆಯಬಹುದು, ಹುಡುಗಿ ದೂರಿದರೂ ಸಲಿಗೆ ಎಂದು ತಳ್ಳಿಹಾಕಬಹುದು. ಮನೆಯನ್ನು ಮಂಡ್ಯಕ್ಕೋ ತುಮಕೂರಿಗೋ ಸಾಗಿಸುವುದಾದರೆ ಈ ನಗೆ ನಾಟಕದೊಳಗೆ ಬರಲೇಬೇಕು. ಹೆಸರು, ಊರು, ಪರಾಠಾ ಬದಲಿಸಿ ಉಳಿದದ್ದನ್ನು ಹಾಗೇ ಬಿಟ್ಟರೆ ಸಭೆಯಲ್ಲಿ ಒಂದು ಪಾಲು ಜನ ತಪ್ಪು ಎಲ್ಲಿದೆ ಎಂದು ಗಲಿಬಿಲಿಗೊಳ್ಳುತ್ತಾರೆ, ಇನ್ನೊಂದು ಪಾಲು ಇದು ವಯಸ್ಸಿನ ಅಂತರದ ನಾಟಕ ಎಂದುಕೊಳ್ಳುತ್ತದೆ. ಅಷ್ಟು ಬರೆಯುವ ಧೈರ್ಯ, ಅನುಮತಿ ಎರಡೂ ಇಲ್ಲದಿದ್ದರೆ ದೆಹಲಿಯಲ್ಲೇ ಬಿಡುವುದು ವಾಸಿ.

ಸಭಾಂಗಣಕ್ಕೆ ಬಂದರೆ, ಸಾವಿರ ಜನ ಕೂರುವ ಚೌಡಯ್ಯ ಸ್ಮಾರಕ ಭವನದಂಥ ಕಡೆ ಇದು ಕರಗಿಹೋಗುತ್ತದೆ. ರಂಗಶಂಕರದಂಥ, ಪ್ರೇಕ್ಷಕರು ಮೂರು ಕಡೆಯಿಂದ ಸುತ್ತುವರಿದ ರಂಗ ಒಳ್ಳೆಯದು. ತಡವಾಗಿ ಬಂದವರನ್ನು ಒಳಗೆ ಬಿಡದ ಅಲ್ಲಿನ ಕಟ್ಟುನಿಟ್ಟು ಈ ನಾಟಕಕ್ಕೆ ವರ, ಏಕೆಂದರೆ ಮೊದಲ ಮುದ್ರಿಕೆ ನಡೆಯುವಾಗ ಬಾಗಿಲು ಕಿರ್ ಎಂದರೆ ಮತ್ತೆ ಆ ಮೌನ ಕೂಡಿಬರುವುದಿಲ್ಲ. ಟಿಕೆಟಿನಲ್ಲೂ ಪ್ರವೇಶದಲ್ಲೂ ವಸ್ತುವೇನೆಂದು ಬಾಯಿಬಿಟ್ಟು ಬರೆಯಿರಿ. ‘ಸೂಕ್ಷ್ಮ ವಿಷಯ’ ಎಂದರೆ ಯಾರಿಗೂ ಏನೂ ತಿಳಿಯದು. ನಡುವೆ ಎದ್ದು ಹೋಗಬೇಕಾದವರಿಗೆ ಬಾಗಿಲ ಪಕ್ಕದ ಒಂದು ಸಾಲು ಖಾಲಿ ಬಿಟ್ಟು, ಹೊರಗೆ ತರಬೇತಾದ ಸಮಾಲೋಚಕರೊಬ್ಬರನ್ನು ಕೂರಿಸಬೇಕು. ಬೆಂಗಳೂರಿನಲ್ಲಿ 2001ರಿಂದ ಈ ಕ್ಷೇತ್ರದಲ್ಲಿರುವ ಎನ್‌ಫೋಲ್ಡ್‌ನಂಥ ಸಂಸ್ಥೆಯವರನ್ನು ಮೊದಲೇ ಸಂಪರ್ಕಿಸಬಹುದು.

ನಾಟಕ ಮುಗಿದ ಮೇಲಿನ ಸಂವಾದದಲ್ಲಿ “ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯೇ?” ಎಂದು ಕೇಳುವ ಉತ್ಸಾಹಿ ನಿರೂಪಕರನ್ನು ದೂರವಿಡಿ. ಕಾಲೇಜಿನಲ್ಲಿ ಆಡುವಾಗ ಇದು ಇನ್ನೂ ಮುಖ್ಯ. ಹದಿನೆಂಟು ತುಂಬದವರು ಯಾರಾದರೂ ತಮಗಾದದ್ದನ್ನು ಹೇಳಿದರೆ, ಪೋಕ್ಸೊ ಕಾಯ್ದೆಯ 19ನೇ ಕಲಮಿನಡಿ ಪೊಲೀಸರಿಗೋ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ತಿಳಿಸುವುದು ಕೇಳಿಸಿಕೊಂಡವರ ಕರ್ತವ್ಯ. ತಿಳಿಸದಿದ್ದರೆ 21ನೇ ಕಲಮಿನಡಿ ಶಿಕ್ಷೆ ಉಂಟು. ಯಾರಿಗೂ ಹೇಳುವುದಿಲ್ಲ ಎಂದು ಮಗುವಿಗೆ ಭಾಷೆ ಕೊಟ್ಟು ಆಮೇಲೆ ಮುರಿಯುವುದಕ್ಕಿಂತ, ಮುಂದೇನಾಗುತ್ತದೆ ಎಂದು ಮೊದಲೇ ಹೇಳುವುದು ಮೇಲು. ಮಕ್ಕಳ ಸಹಾಯವಾಣಿ 1098ನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ. ಹೇಳಿದವರು ಒಂದೆರಡು ದಿನದಲ್ಲಿ ‘ಹಾಗೇನೂ ಆಗಿಲ್ಲ’ ಎಂದು ಹಿಂದೆಗೆದರೆ ಅದನ್ನೇ ಸುಳ್ಳಿನ ಸಾಕ್ಷಿ ಮಾಡಿಕೊಳ್ಳಬೇಡಿ. ಮನೆಯ ಒತ್ತಡಕ್ಕೆ ಮಕ್ಕಳು ಮಾತು ಹಿಂದಕ್ಕೆ ಪಡೆಯುವುದನ್ನು ಮನೋವೈದ್ಯ ರೋಲಂಡ್ ಸಮಿಟ್ 1983ರಲ್ಲೇ ವಿವರಿಸಿದ್ದಾರೆ. ಶಾಂತಾ ಮಗಳಿಂದ ಮಾಡಿಸಲು ಹೊರಟದ್ದೂ ಅದನ್ನೇ.

ಈ ಅಣ್ಣ-ತಂಗಿ ಹಿಡಿಸಿದವರು ಮೊದಲ ಸಂಪುಟವನ್ನೂ ತರಿಸಿಕೊಳ್ಳಬಹುದು, ಏಕೆಂದರೆ ದತ್ತಾನಿ ಈ ನಂಟಿನ ಸುತ್ತ ಮತ್ತೆ ಮತ್ತೆ ಸುಳಿದಿದ್ದಾರೆ. ಬೆಂಗಳೂರಿನ ಮನೆಯೊಂದರಲ್ಲಿ ನಡೆಯುವ ‘ಬ್ರೇವ್ಲಿ ಫಾಟ್ ದ ಕ್ವೀನ್’ ನಾಟಕದಲ್ಲಿ ಪ್ರಫುಲ್ ಎಂಬ ಅಣ್ಣ ರಂಗಕ್ಕೆ ಬರುವುದೇ ಇಲ್ಲ. ಹುಡುಗನೊಬ್ಬನ ಸ್ಕೂಟರಿನಲ್ಲಿ ಬಂದಳೆಂದು ತಂಗಿ ಅಲ್ಕಾಳ ಮುಖವನ್ನು ಅವನು ಒಲೆಯ ಮುಂದೆ ಹಿಡಿದು ಕೂದಲು ಸುಟ್ಟಿದ್ದು ಅವಳ ಬಾಯಿಂದ ತಿಳಿಯುತ್ತದೆ. ಅವಳಿಗೆ ಗಂಡನ್ನು ಗೊತ್ತುಮಾಡಿ ಮೋಸದ ಮದುವೆಗೆ ತಳ್ಳಿದವನೂ ಅವನೇ. ‘ತಾರಾ’ ಇದರ ಇನ್ನೊಂದು ತುದಿ: ಅಂಟಿಕೊಂಡು ಹುಟ್ಟಿದ ಅವಳಿಗಳಲ್ಲಿ ಹುಡುಗಿಗೆ ಹೊಂದಿಕೊಳ್ಳಬಹುದಾಗಿದ್ದ ಕಾಲನ್ನು ತಾಯಿ ಮತ್ತು ಅಜ್ಜ ಸೇರಿ ಹುಡುಗನಿಗೆ ಜೋಡಿಸುತ್ತಾರೆ, ಅದು ಎರಡೇ ದಿನ ಉಳಿಯುತ್ತದೆ. ಬದುಕುಳಿದ ಚಂದನ್ ಲಂಡನ್ನಿನ ಕೋಣೆಯಲ್ಲಿ ಕೂತು, ತಾನು ಮಾಡದ ತಪ್ಪಿನ ಫಲ ಉಂಡವನಾಗಿ, ತಂಗಿಯ ಕಥೆ ಬರೆಯಲು ಹೆಣಗುತ್ತಾನೆ. (ಗಂಡು-ಹೆಣ್ಣು ಸಯಾಮಿ ಅವಳಿಗಳು ವೈದ್ಯಶಾಸ್ತ್ರದಲ್ಲಿ ಇಲ್ಲ, ಒಂದೇ ಭ್ರೂಣದಿಂದ ಬಂದವರು ಒಂದೇ ಲಿಂಗದವರಾಗಿರುತ್ತಾರೆ. ನಾಟಕಕ್ಕೆ ಅಷ್ಟು ಸಲಿಗೆ ಕೊಡಬಹುದು.) ಮೂರನ್ನೂ ಓದುವುದಾದರೆ ‘ತಾರಾ’ ಮೊದಲು, ‘ಬ್ರೇವ್ಲಿ’ ಆಮೇಲೆ, ‘ಥರ್ಟಿ ಡೇಸ್’ ಕೊನೆಗೆ. ನಾಲ್ಕು ಜನ ಸೇರಿ ಜೋರಾಗಿ ಓದುವುದಾದರೆ ವಿನಯನ ಮಾತುಗಳನ್ನು ಗುಂಪಿನಲ್ಲಿ ಎಲ್ಲರಿಗೂ ಹಿತವಾದ ದನಿಯವರಿಗೆ ಕೊಡಿ.